ತಿದಿಯೊಳಗೆ ಹೋದ ಕಾರ್ಡುಗಳು

ಕುರುಗೋಡಿನ ಗಾದಿಲಿಂಗಪ್ಪ ಮಾಸ್ತರು ನನಗೆ ಹಾರ್ಮೋನಿಯಂ ಕಲಿಸಿದವರು. ಬಯಲಾಟದ ಮೇಳಗಳಿಗೆ ನಲವತ್ತು ವರ್ಷ ಪೆಟ್ಟಿಗೆ ಬಾರಿಸಿದ ಕೈ ಅದು. ಅಷ್ಟು ಜಾಣ ಕೈ ಒಂದೇ ಒಂದು ದಡ್ಡ ಕೆಲಸ ಮಾಡಿತು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸಿರುಗುಪ್ಪದ ಎರ್ರಿಸ್ವಾಮಿ ನಾಡಿಗೆಲ್ಲ ಗೊತ್ತಿದ್ದ ಕವಿ. ತಮ್ಮ ಪದ್ಯಗಳಿಗೆ ರಾಗ ಹಾಕಿಕೊಡಿ ಎಂದು ಮಾಸ್ತರಿಗೆ ಪೋಸ್ಟ್‌ಕಾರ್ಡು ಬರೆಯುತ್ತಿದ್ದರು. ಈ ಸಾಲು ಎಳೆಯಬೇಡಿ, ಆ ಮಾತಿನ ಮೇಲೆ ನಿಲ್ಲಬೇಡಿ ಎಂಬ ತಕರಾರು ಬೇರೆ. ಮಾಸ್ತರೂ ಬಿಡುವ ಪೈಕಿಯಲ್ಲ. ಹತ್ತೊಂಬತ್ತು ಕಾರ್ಡು ಬಂದ ಮೇಲೆ ಒಂದು ಪದ್ಯ ಹಾಡಾಯಿತು. ಕೊನೆಯದರಲ್ಲಿ ಕವಿ, 'ಈ ಧಾಟಿ ನಿಮ್ಮದು, ಯಾರು ಹಾಡಿದರೂ ನಿಮ್ಮದೇ' ಎಂದು ಬರೆದದ್ದನ್ನು ನಾನೇ ಓದಿದ್ದೇನೆ.

ಒಂದು ಸಂಜೆ ಆಟಕ್ಕೆ ಹೊರಡುವ ಹೊತ್ತಿಗೆ ಪೆಟ್ಟಿಗೆಗೆ ಗಾಳಿ ತುಂಬುವ ತಿದಿ ಹರಿಯಿತು. ಅದರ ಮಡಿಕೆಗಳಿಗೆ ಗಟ್ಟಿ ರಟ್ಟು ಬೇಕು. ಮಾಸ್ತರು ಅಷ್ಟೂ ಕಾರ್ಡುಗಳನ್ನು ಪಟ್ಟಿ ಪಟ್ಟಿ ಕತ್ತರಿಸಿ, ಮೈದಾ ಅಂಟು ಮೆತ್ತಿ, ಮೇಲೆ ಬಟ್ಟೆ ಎಳೆದರು.

'ಕವಿಗೋಳು ಇನ್ನೂ ಬರೀತಾರ ಬಿಡಲೇ' ಎಂದರು ನನಗೆ.

ಕವಿ ಆ ವರ್ಷವೇ ತೀರಿಕೊಂಡರು. ಹಾಡು ಮಾತ್ರ ಬೇರೊಬ್ಬ ಗಾಯಕರ ಹೆಸರಿನಲ್ಲಿ ಊರೂರು ತಿರುಗಿತು.

ಮೊನ್ನೆ ಬಳ್ಳಾರಿಯಿಂದ ಶೀಲಾ ಎಂಬ ಅಧ್ಯಾಪಕಿ ಬಂದರು. ಕವಿಯ ಪತ್ರಗಳನ್ನು ಪುಸ್ತಕ ಮಾಡುತ್ತಿದ್ದಾರೆ, ಸೋಮವಾರ ಅಚ್ಚಿಗೆ ಹೋಗಬೇಕು. ರಾಗದ ಬಗ್ಗೆ ಕವಿಯ ಕೈಬರಹದ ಒಂದು ಸಾಲು ಸಿಕ್ಕರೂ ಅದು ಮಾಸ್ತರದೆಂದು ಹಾಕುತ್ತೇನೆ ಎಂದರು. ನಾನು ಓದಿದ್ದೇನೆ ಎಂದೆ. ಶಿಷ್ಯನ ಮಾತು ನಡೆಯಲಿಲ್ಲ.

ಎಪ್ಪತ್ತೆಂಟರ ಮಾಸ್ತರು ಒಳಗಿನಿಂದ ಚಾಕು ತಂದರು. ಹೆಂಡತಿ ಅಂಬಮ್ಮ ಓಡಿ ಬಂದು ಕೈ ಹಿಡಿದರು.

'ಈ ಪೆಟಗಿ ಹೋದ್ರ ನಿಮಗ ಇನ್ನೇನೈತ್ರಿ?'

'ಹೆಸರ ಇಲ್ದಂಗ ಸಾಯಂತೀಯೇನು?'

ಕೈ ಬಿಡಿಸಿಕೊಂಡು ತಿದಿ ಸೀಳಿಯೇಬಿಟ್ಟರು. ನಾನು ಒಂದೊಂದೇ ಪಟ್ಟಿ ಬಿಡಿಸಿದೆ. ಅಂಟು ಕುಡಿದ ಶಾಯಿ ಬರೀ ನೀಲಿ ಕಲೆಯಾಗಿತ್ತು. ಓದಲು ಬಂದದ್ದು ಒಂದೇ ಒಂದು: 'ಗಾದಿಲಿಂಗಪ್ಪ, ಕುರುಗೋಡು'. ಅದು ವಿಳಾಸ. ನನಗೆ ಅಳು ತಡೆಯಲಾಗಲಿಲ್ಲ.

'ಕುಂದರ್ರಿ, ಹಾಡ್ತೀನಿ' ಎಂದರು ಮಾಸ್ತರು. ಹರಿದ ಪೆಟ್ಟಿಗೆಯ ಮುಂದೆ ಬರೀ ಗಂಟಲಲ್ಲಿ ಹಾಡು ಪೂರ್ತಿ ಮುಗಿಸಿದರು. ಒಂದು ಎಳೆ ತಪ್ಪಲಿಲ್ಲ.

ಶೀಲಾ ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು, 'ಎಲ್ಲರೂ ಹೀಗೇ ಹಾಡ್ತಾರಲ್ಲ ಮಾಸ್ತರೇ.'

'ಹೌದವ್ವಾ' ಎಂದರು ಮಾಸ್ತರು. 'ನಾನೂ ಅದನ್ನ ಹೇಳಾಕತ್ತೀನಿ.'