ಮೆಟ್ಟಿಲು ಹತ್ತಬಾರದ ನಾಯಿ

ನಮ್ಮ ನಾಯಿ ಸೇವೆಗೆ ಸೇರಿದ್ದು ನನ್ನ ಹಟದಿಂದ. ಪುಣೆಯ ಕಾತ್ರಜದಲ್ಲಿ ಬಸ್ಸು ನಿಲ್ಲುವ ಕಡೆ ಸಿಕ್ಕ ಬೀದಿನಾಯಿ ಅದು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಯಾರು ಮೈ ಸವರಿದರೂ ಕಣ್ಣು ಮುಚ್ಚಿ ಕೂತುಬಿಡುತ್ತದೆ. ಸಾಕುಪ್ರಾಣಿಗಳನ್ನು ರೋಗಿಗಳ ಹತ್ತಿರ ಕರೆದೊಯ್ಯುವ ಸ್ವಯಂಸೇವಕರ ಗುಂಪು ಊರಲ್ಲೇ ಇದೆ ಎಂದು ಗೊತ್ತಾದದ್ದೇ, ಇದಕ್ಕಿಂತ ಯೋಗ್ಯ ನಾಯಿ ಎಲ್ಲಿದೆ ಎಂದು ಪರೀಕ್ಷೆಗೆ ಎಳೆದುಕೊಂಡು ಹೋದೆ. ಪರೀಕ್ಷಕರ ಡಬ್ಬಿಯಲ್ಲಿದ್ದ ಅವಲಕ್ಕಿ ಪೋಹೆ ತಿಂದು ಅದು ಫೇಲಾಯಿತು. ಡಬ್ಬಿ ತೆರೆದಿಟ್ಟದ್ದು ಯಾರ ತಪ್ಪು ಎಂದು ನಾನು ಜಗಳಕ್ಕೇ ನಿಂತೆ. ಎರಡನೇ ಸಲ ಪಾಸು ಮಾಡಿದರು. ನನ್ನ ಬಾಯಿಗೆ ಹೆದರಿ ಇರಬಹುದು.

ಪ್ರತಿ ಶನಿವಾರ ಬೆಳಿಗ್ಗೆ ನಾವಿಬ್ಬರೂ ಖಡಕಿಯ ಒಂದು ಆರೈಕೆ ಕೇಂದ್ರಕ್ಕೆ ಹೋಗುತ್ತಿದ್ದೆವು. ಮೂಳೆ ಮುರಿದವರು, ಲಕ್ವ ಹೊಡೆದವರು ಮತ್ತೆ ನಡೆಯಲು ಕಲಿಯುವ ಜಾಗ. ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೊದಲ ಮಹಡಿ. ಹೊಸಬರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತಿದ್ದರು. ನಾಯಿ ಬಂದುಹೋದ ಮೇಲೆ ಎಷ್ಟೋ ಜನರ ಬಿ.ಪಿ. ಇಳಿದಿರುತ್ತದೆ ಎಂದು ಸಿಸ್ಟರ್ ಹೇಳುತ್ತಿದ್ದರು. ನನ್ನದೂ ಇಳಿಯುತ್ತಿತ್ತು. ವಾರವೆಲ್ಲ ಆಫೀಸಿನಲ್ಲಿ ಎಲ್ಲರ ಮೇಲೆ ಹರಿಹಾಯುವ ನಾನು ಅಲ್ಲಿ ಒಮ್ಮೆಯೂ ದನಿ ಎತ್ತಿದವಳಲ್ಲ.

ಅಲ್ಲಿದ್ದ ವಿಜಯಪುರದ ಕಡೆಯ ಒಬ್ಬ ಅಜ್ಜನಿಗೆ ನಮ್ಮ ನಾಯಿ ಪ್ರಾಣ. ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ತಮ್ಮ ಮನೆಯ ಮೆಟ್ಟಿಲಿನಿಂದಲೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂಳೆ ಕೂಡಿತು, ಹೆದರಿಕೆ ಹೋಗಲಿಲ್ಲ. ವಾಕರ್ ಹಿಡಿದು ವರಾಂಡದ ಉದ್ದಕ್ಕೂ ನಡೆಯುವರು, ಮೆಟ್ಟಿಲ ತುದಿಗೆ ಬಂದರೆ ಕಲ್ಲಾಗಿಬಿಡುವರು. ಅವರ ಮನೆಯೋ ಎರಡನೇ ಮಹಡಿ, ಅಲ್ಲೂ ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತಿಳಿಯಲು ಬಂದರೆ ಮಾತ್ರ ಮನೆಗೆ ಕಳಿಸುವುದು ಎಂದು ವ್ಯಾಯಾಮ ಮಾಡಿಸುವ ಹುಡುಗಿ ಖಡಾಖಂಡಿತವಾಗಿ ಹೇಳಿದ್ದಳು. ಅವರ ಹೆಂಡತಿ, ಮಂಡಿನೋವಿನ ಅಜ್ಜಿ, ಮನೆ ಬಿಟ್ಟು ಬರುವಂತಿರಲಿಲ್ಲ. ನಾಲ್ಕು ತಿಂಗಳಿಂದ ಗಂಡಹೆಂಡತಿಯ ಮಾತು ಫೋನಿನಲ್ಲೇ.

ಅಷ್ಟರಲ್ಲಿ ನಮ್ಮ ನಾಯಿ ಕುಂಟತೊಡಗಿತು. ತೂಕ ಮಿತಿಮೀರಿದೆ, ಹಿಂಗಾಲಿನ ಕೀಲುಗಳು ಸೋತಿವೆ, ಮೆಟ್ಟಿಲು ಹತ್ತಿಸಲೇಬೇಡಿ ಎಂದು ಪಶುವೈದ್ಯರು ಗದರಿದರು. ಆ ಶನಿವಾರ ಅದನ್ನು ಅಂಗಳದಲ್ಲಿ ಕಾವಲುಗಾರನ ಹತ್ತಿರ ಬಿಟ್ಟು ನಾನೊಬ್ಬಳೇ ಮೇಲೆ ಹೋದೆ. ತಿನ್ನಿಸಬಾರದೆಂದು ಸಾವಿರ ಸಲ ಹೇಳಿದ್ದರೂ ತಿನ್ನಿಸಿದವರು ಯಾರು ಎಂದು ವಿಚಾರಣೆಗೆ ನಿಂತೆ. ನೋಡಿದರೆ ಎಲ್ಲರೂ ಕಳ್ಳರೇ. ಒಬ್ಬರು ಚಿಕ್ಕಿ, ಒಬ್ಬರು ಸಬ್ಬಕ್ಕಿ ಖಿಚಡಿ. ಪ್ರತಿಯೊಬ್ಬರೂ ತಾನೊಬ್ಬನೇ ಕೊಡುತ್ತಿದ್ದೇನೆ ಎಂದುಕೊಂಡವರು. ಮನೆಯಲ್ಲಿ ನಾನು ಕಲಸಿ ಹಾಕುತ್ತಿದ್ದ ತುಪ್ಪದನ್ನದ ಸುದ್ದಿಯನ್ನು ನಾನೂ ಎತ್ತಲಿಲ್ಲ.

ಅಜ್ಜ ತಲೆ ತಗ್ಗಿಸಿ, ಬೇಕರಿಯ ಖಾರಿ ಬಿಸ್ಕತ್ತು ತರಿಸಿ ದಿಂಬಿನಡಿ ಇಟ್ಟುಕೊಂಡು ತಿನ್ನಿಸಿದ್ದನ್ನು ಒಪ್ಪಿಕೊಂಡರು. ಅವರ ದನಿ ಕೇಳಿದ್ದೇ ಕೆಳಗಿನಿಂದ ನಾಯಿ ಕುಂಯ್ ಎಂದು ಕರೆಯಿತು. ನಿಲ್ಲಿಸಲೇ ಇಲ್ಲ.

"ತಪ್ಪು ನಂದ ಅದ ಯವ್ವಾ," ಎಂದರು ಅಜ್ಜ. "ಅದರ ಕಾಲು ನಾನ ಕೆಡಿಸೀನಿ. ಇನ್ನ ಅದನ್ನ ಮ್ಯಾಲ ಕರದ್ರ ಹೆಂಗ?"

ವಾಕರ್ ಹಿಡಿದು ಮೆಟ್ಟಿಲ ತನಕ ಹೋದರು. ಅಲ್ಲಿ ಅದನ್ನು ಬಿಟ್ಟು ಮೆಟ್ಟಿಲ ಪಕ್ಕದ ಕಟಕಟೆ ಹಿಡಿದು ನಿಂತರು. ವ್ಯಾಯಾಮದ ಹುಡುಗಿ ಓಡಿಬಂದು ಪಕ್ಕದಲ್ಲಿ ನಿಂತಳು, ಮುಟ್ಟಲಿಲ್ಲ. ಒಂದು ಕಾಲು ಇಳಿಯಿತು. ಇನ್ನೊಂದು ಬಹಳ ಹೊತ್ತು ಯೋಚಿಸಿ ಇಳಿಯಿತು. ಹದಿನಾಲ್ಕು ಮೆಟ್ಟಿಲು. ನಡುವೆ ಎರಡು ಸಲ ನಿಂತು, ಕೆಳಗಿನ ನಾಯಿಗೆ ಬಂದೆ ಬಂದೆ ಎಂದು ಸಮಾಧಾನ ಹೇಳಿದರು. ಮೇಲೆ ವರಾಂಡದಲ್ಲಿ ನಿಂತ ಕಳ್ಳರ ಗುಂಪು ಉಸಿರು ಬಿಗಿಹಿಡಿದಿತ್ತು.

ಅಂಗಳ ಮುಟ್ಟಿದಾಗ ನಾಯಿ ಅವರ ಪಾದದ ಮೇಲೆ ಗದ್ದ ಊರಿ ಮಲಗಿತು. ನಾನು ನಾಚಿಕೆಯಿಲ್ಲದೆ ಗಳಗಳ ಅತ್ತೆ, ಅಷ್ಟು ಖುಷಿಯಾಗಿತ್ತು. ಅಜ್ಜ ಮಾತ್ರ ಬೆವರು ಒರೆಸಿಕೊಂಡು, ಮನೆಗೆ ಫೋನ್ ಹಚ್ಚಿ ಕೊಡಲು ಹೇಳಿದರು.

ಅಜ್ಜಿ ಎತ್ತಿದರು. ಈ ಹೊತ್ತಿನಲ್ಲಿ ಯಾಕೆ ಫೋನ್ ಮಾಡಿದಿರಿ, ಎಲ್ಲಿದ್ದೀರಿ ಎಂದು ಗಾಬರಿಯಿಂದ ಕೇಳಿದರು.

"ಅಂಗಳದಾಗ ನಿಂತೀನಿ," ಎಂದರು ಅಜ್ಜ.