ಕಾಕು ಕೊಡದ ಕ್ಷಮೆ

ಕಾಕುವಿನ ಉಗುರುಗಳ ಸಂದಿಯಲ್ಲಿ ಕಬ್ಬಿಣಕ್ಕೆ ಮೊದಲು ಬಳಿಯುವ ಕೆಂಪು ಪ್ರೈಮರ್ ಸದಾ ಇರುತ್ತಿತ್ತು. ಬಸದಿಗೆ ಹೊರಟಾಗ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅಥಣಿಯಲ್ಲಿ ಬಣ್ಣದ ಅಂಗಡಿ ನಡೆಸುತ್ತಿದ್ದ ಈಕೆ ನನ್ನ ಚಿಕ್ಕಪ್ಪನ ಹೆಂಡತಿ, ನನ್ನನ್ನು ಸಾಕಿದಾಕೆ. ಗಿರಾಕಿ ಕಬ್ಬಿಣಕ್ಕೆ ಬಣ್ಣ ಕೇಳಿದರೆ ಡಬ್ಬಿಗಿಂತ ಮೊದಲು ಬೈಗುಳ ಕೊಡುತ್ತಿದ್ದಳು: "ಮೊದ್ಲ ಬೆಳ್ಳಗ ಕಾಣೂತನಕ ತಿಕ್ಕು. ತುಕ್ಕಿನ ಮ್ಯಾಲ ಬಂಗಾರ ಬಳದ್ರೂ ಉದರತೈತಿ."

ಅವಳ ಗಂಡ ಕಾಕಾ ಉಗಾರ ಬುದ್ರುಕದ ಹೊಳೆದಂಡೆಯಲ್ಲಿ ಊರ ನೀರಾವರಿ ಪಂಪು ನೋಡಿಕೊಳ್ಳುತ್ತಿದ್ದರು. ಪಂಪಿನ ಬಾವಿಗೆ ಇಳಿಯಲು ಕಬ್ಬಿಣದ ಏಣಿ. ನೀರಿನಲ್ಲೇ ಇರುವ ಕಬ್ಬಿಣವೆಂದು ಅದಕ್ಕೆ ಕ್ಲೋರಿನೇಟೆಡ್ ರಬ್ಬರ್ ಬಣ್ಣ ಹಚ್ಚಲು ಊರಿನವರು ಹೇಳಿದ್ದರು. ಗುತ್ತಿಗೆದಾರ ಸಾದಾ ಆಯಿಲ್ ಪೇಂಟ್ ಬಳಿದುಬಿಟ್ಟ. ಮೇಲೆ ಹೊಳಪು, ಒಳಗೆ ತುಕ್ಕು. ಒಂದು ದಿನ ಮೆಟ್ಟಿಲು ಮುರಿದು ಕಾಕಾ ಬಿದ್ದು ತೀರಿಕೊಂಡರು. "ರಬ್ಬರ್ ಪೇಂಟೇ ಹಚ್ಚೇನ್ರಿ, ಅವರ ಆಯುಷ್ಯ ಮುಗದಿತ್ತು" ಎಂದ ಅವನನ್ನು ಊರು ನಂಬಿತು. ಮುರಿದ ಮೆಟ್ಟಿಲಿಗೆ ಬೆಸುಗೆ ಹಾಕಿ, ಅದೇ ಏಣಿಗೆ ಮತ್ತೆ ರಬ್ಬರ್ ಬಣ್ಣ ಬಳಿಯುವ ಕೆಲಸವೂ ಅವನಿಗೇ ಸಿಕ್ಕಿತು. ಕಾಕು ಅಂಗಡಿಯಲ್ಲಿ ಒಂದು ಡಬ್ಬಿ ರಬ್ಬರ್ ಬಣ್ಣ ತೆಗೆದಿಟ್ಟಳು.

ದಶಲಕ್ಷಣ ಪರ್ವ ಮುಗಿದು ಕ್ಷಮಾವಳಿ ಬಂತು. ಆ ದಿನ ನಮ್ಮ ಜೈನರಲ್ಲಿ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವುದು, ಕೊಡುವುದು ಪದ್ಧತಿ. ಉಗಾರದ ಬಸದಿಯ ಅಂಗಳದಲ್ಲಿ ಎಲ್ಲರೆದುರು ಆ ಗುತ್ತಿಗೆದಾರನೂ ಬಂದು, ಅತ್ತಿಗೆಯನ್ನು ಕರೆದಂತೆ ಕಾಕುವನ್ನು ಕರೆದು ಕೈಮುಗಿದ.

"ವೈನೀ, ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

"ಹೊಳಿಗೆ ಬರ್ರಿ," ಎಂದಳು ಕಾಕು. "ಅಲ್ಲೇ ಹಾಕ್ಕೋತೀನಿ."

ಹಿರಿಯರೂ ಹಿಂದೆ ಬಂದರು. ಕಾಕು ಅಂಗಡಿಯಿಂದ ತಂದಿದ್ದ ಅಸಲಿ ರಬ್ಬರ್ ಬಣ್ಣವನ್ನು ಏಣಿಯ ಮೇಲ್ತುದಿಗೆ ಬಳಿದಳು. ಸ್ವಲ್ಪ ಹೊತ್ತಿಗೆ ಅವನು ಹಚ್ಚಿದ್ದ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತು.

"ರಬ್ಬರ್ ಪೇಂಟ್ ಆಗಿದ್ರ ಒಂದಕ್ಕೊಂದು ಕೂಡತಿತ್ತು. ಆಯಿಲ್ ಪೇಂಟ್ ಅಷ್ಟ ಹಿಂಗ ಏಳತೈತಿ. ಇರ್ಲಿ, ಈಗ ಇಳೀರಿ. ತಳ ಮುಟ್ಟಿ ಬಂದ್ರ ಕ್ಷಮಾ ಮಾಡ್ತೀನಿ."

ಅವನು ಏಣಿ ನೋಡಿದ, ನೀರು ನೋಡಿದ. ಇಳಿಯಲಿಲ್ಲ. ಹಿರಿಯರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆಮೇಲೆ ಕಾಗವಾಡದಿಂದ ರಾಯಬಾಗದವರೆಗೆ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅವನ ಮನೆಯ ಗೇಟು ತುಕ್ಕು ಹಿಡಿಯುವುದನ್ನು ನೋಡಲೆಂದೇ ನಾನು ಸುತ್ತು ಹಾಕಿ ಹೋಗುತ್ತಿದ್ದೆ. ಸುಳ್ಳೇಕೆ, ಬಹಳ ಖುಷಿಯಾಗುತ್ತಿತ್ತು.

ಹೋದ ಚಳಿಗಾಲ ಕಾಕು ತೀರಿಕೊಂಡಳು. ಹೆಣದ ಮುಂದೆ ಅವನು ಬಂದು ಕೈಮುಗಿದ. "ವೈನೀ, ಈಗರೆ ಕ್ಷಮಾ ಮಾಡ್ರಿ." ಸತ್ತವಳು ಇಲ್ಲ ಎನ್ನಲಾರಳು ಎಂಬ ಧೈರ್ಯ. ಸೇರಿದವರೆಲ್ಲ ಪಾಪ ಎಂದರು. ನಾನು ಎದ್ದು ನಿಂತೆ.

"ಅಕಿ ಮಾಡಿಲ್ಲ," ಎಂದೆ. "ನಾನೂ ಮಾಡಂಗಿಲ್ಲ. ನಡೀರಿ."