ಗೆರೆಗೆ ಒಂದು ಗೇಣು

ಕಳೆದ ಮಂಗಳವಾರ ಸಂಜೆ ಆಟದ ಹೊತ್ತಿನಲ್ಲಿ ಹುಡುಗನೊಬ್ಬ ಪಾದ ಉಳುಕಿಸಿಕೊಂಡ. ಸಿರುಗುಪ್ಪದ ಈ ಶಾಲೆಗೆ ನಾನು ವ್ಯಾಯಾಮದ ಮೇಷ್ಟ್ರಾಗಿ ಬಂದು ಏಳು ತಿಂಗಳಾಯಿತು. ಇದು ಹನ್ನೊಂದನೆಯ ಉಳುಕು. ಸುದ್ದಿ ತಿಳಿದು ಅವನ ತಾಯಿ ಎಳ್ಳೆಣ್ಣೆ ಕಾಯಿಸಿ, ಕರ್ಪೂರ ಹಾಕಿ, ಹಿತ್ತಾಳೆಯ ಬಟ್ಟಲಲ್ಲಿ ತಂದರು. ಬಟ್ಟಲಿಂದ ಎದ್ದ ಆ ವಾಸನೆಗೆ ನನ್ನ ಕೈ ಅವನ ಪಾದದ ಮೇಲೆಯೇ ನಿಂತುಬಿಟ್ಟಿತು. ಬಳ್ಳಾರಿಯ ಹೈಸ್ಕೂಲಿನಲ್ಲಿ ನಮ್ಮ ಡ್ರಿಲ್ ಮಾಸ್ತರರ ಅಂಗೈ ಸದಾ ಇದೇ ವಾಸನೆ ಹೊಡೆಯುತ್ತಿತ್ತು. ಮನೆಗೆ ಬಂದವನೇ ಟ್ರಂಕಿನಿಂದ ೧೯೪೭-೪೮ರ ದಿನಚರಿಯನ್ನು ಹೊರತೆಗೆದೆ.

ಮಾಸ್ತರರು ಯುದ್ಧಕ್ಕೆ ಹೋಗಿ ಬಂದವರು. ಪಲ್ಟನ್ನಿನಲ್ಲಿ ಸಿಪಾಯಿಗಳಿಗೆ ಕಸರತ್ತು ಕಲಿಸುತ್ತಿದ್ದರಂತೆ. ಕುಳ್ಳ ದೇಹ, ದಪ್ಪ ಕತ್ತು. ತೋಪಿನ ಸದ್ದಿಗೆ ಎಡಗಿವಿ ಹೋಗಿತ್ತು. ಕೌಲ್ ಬಜಾರಿನಲ್ಲಿ ತಗಡು ಬಡಿಯುವವರ ಅಂಗಡಿಗಳ ಹಿಂದೆ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ‘ತಗಡಿನ ಸದ್ದು ನನಗ ಅರ್ಧಾನ ಕೇಳತೈತಿ, ಬಾಡಿಗಿನೂ ಅರ್ಧ ಇಸ್ಕೋ ಅಂದ್ರ ಮಾಲಕ ಕೇಳವಲ್ಲ’ ಎಂದು ನಗುತ್ತಿದ್ದರು.

ನಾನು ದೇಶನೂರಿನವನು, ಊರ ಹೊರಗಿನ ಕೇರಿಯವನು. ನಮ್ಮನ್ನು ಮುಟ್ಟಿದವರು ಮನೆಗೆ ಹೋಗಿ ಸ್ನಾನ ಮಾಡಿ ಒಳಗೆ ಬರುತ್ತಿದ್ದ ಕಾಲ ಅದು. ಬಳ್ಳಾರಿಯಲ್ಲಿ ಉಚಿತ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಲೆಕ್ಕ ಬರೆದಿಡುವ ಚಟ ನನಗೆ ಆಗಲೇ ಅಂಟಿತ್ತು: ಬೆಳಿಗ್ಗೆ ಎಷ್ಟು ಬಸ್ಕಿ, ಎಷ್ಟು ದಂಡ, ಕೋಟೆ ಗುಡ್ಡದ ಬುಡದ ಸುತ್ತ ಓಡುವಾಗ ಎಲ್ಲಿ ಉಸಿರು ಹತ್ತಿತು, ಎಲ್ಲ. ನಮ್ಮ ಕಡೆ ಊರಿನ ಲೆಕ್ಕ ಬರೆಯುವವರನ್ನು ಕರಣಂ ಎನ್ನುತ್ತಾರೆ. ಅದು ದೊಡ್ಡ ಜಾತಿಯವರ ಹುದ್ದೆ. ಮಾಸ್ತರರು ಬೇಕೆಂದೇ ನನ್ನನ್ನು ಎಲ್ಲರ ಎದುರು ಹಾಗೇ ಕರೆಯುತ್ತಿದ್ದರು. ‘ಏನ್ಲೇ ಕರಣಂ, ಇವತ್ತೆಷ್ಟಾತು?’

ಆಟಗಳಲ್ಲಿ ಅವರಿಗೆ ಪ್ರಾಣ ಚೆಡುಗುಡು. ಈಗ ಕಬಡ್ಡಿ ಎನ್ನುವುದು ರೂಢಿಯಾಗುತ್ತಿದೆ. ನಿಯಮವನ್ನು ಅವರು ಮಣ್ಣಿನಲ್ಲಿ ಕೋಲಿನಿಂದ ಗೀಚಿ ಕಲಿಸಿದರು. ನಡುವೆ ಒಂದು ಗೆರೆ, ಎರಡೂ ಕಡೆ ಏಳೇಳು ಮಂದಿ. ಒಬ್ಬ ಎದುರಿನ ಅಂಕಣಕ್ಕೆ ಹೋಗಿ ಒಂದೇ ಉಸಿರಿನಲ್ಲಿ ‘ಚೆಡುಗುಡು ಚೆಡುಗುಡು’ ಎನ್ನುತ್ತಲೇ ಯಾರನ್ನಾದರೂ ಮುಟ್ಟಿ ಮರಳಬೇಕು. ಮುಟ್ಟಿಸಿಕೊಂಡವನು ಔಟು. ಹೊರಗೆರೆ ದಾಟಿದವನು ತಾನಾಗಿಯೇ ಔಟು. ಹೋದವನನ್ನು ಹಿಡಿದು ಉಸಿರು ಬಿಡಿಸಿದರೆ ಅವನು ಔಟು. ಆದರೆ ಹಿಡಿದವರ ಅಡಿಯಿಂದಲೇ ಅವನು ಕೈ ಚಾಚಿ ನಡುಗೆರೆ ತಾಕಿದರೆ ಹಿಡಿದವರೆಲ್ಲ ಔಟು. ಉಸಿರು ಎಲ್ಲರಿಗೂ ಕೇಳಬೇಕೆಂಬುದು ನಿಯಮ. ಅವರ ಎಡಗಿವಿಯ ಕಡೆ ನಿಂತಾಗಲೂ ಕೇಳಬೇಕೆಂಬುದು ಅವರದೇ ನಿಯಮ. ಹಾಗಾಗಿ ನಮ್ಮ ತಂಡದಷ್ಟು ಜೋರಾಗಿ ಕೂಗುವ ತಂಡ ಬೇರೆ ಇರಲಿಲ್ಲ.

ನನ್ನ ಉಸಿರು ಉದ್ದ. ಜೂನ್ ತಿಂಗಳಲ್ಲಿ ಒಂದು ಉಸಿರಿಗೆ ನಲವತ್ತೊಂದು ಚೆಡುಗುಡು, ಆಗಸ್ಟಿನಲ್ಲಿ ಅರವತ್ತಮೂರು. ಎದುರಿನ ಅಂಕಣಕ್ಕೆ ನನ್ನನ್ನೇ ಹೆಚ್ಚು ಕಳಿಸುತ್ತಿದ್ದರು. ಆದರೆ ಅಭ್ಯಾಸದಲ್ಲಿ ನಾನು ಹೋದೊಡನೆ ನಮ್ಮ ಹುಡುಗರು ಅತ್ತಿತ್ತ ಸರಿದು ದಾರಿ ಬಿಡುತ್ತಿದ್ದರು. ನಾನು ಬೆನ್ನಟ್ಟಿದರೆ ಹೊರಗೆರೆ ದಾಟಿ ನಿಲ್ಲುತ್ತಿದ್ದರು. ಪಾಯಿಂಟು ನನ್ನದೇ. ನಾಲ್ಕು ದಿನ ಹೆಮ್ಮೆಯಾಯಿತು. ಐದನೆಯ ದಿನ ಪುಸ್ತಕದಲ್ಲಿ ಮೂರು ಮನೆ ಗೀಚಿದೆ.

ಮಾಸ್ತರರು ಹೆಗಲ ಮೇಲಿಂದ ಬಗ್ಗಿ ನೋಡಿದರು. ‘ಮೂರು ಮನಿ ಯಾಕ ಹಾಕೀದಿ?’

‘ಒಂದು ನಾ ಮುಟ್ಟಿದ್ದು ಸಾರ್. ಒಂದು ಅವ್ರು ತಾವ ಓಡಿದ್ದು. ಇನ್ನೊಂದು ನನ್ನ ಹಿಡದಿದ್ದು.’

‘ಕಡೀದು ಖಾಲಿ ಐತಲ್ಲೋ.’

‘ಹೌದ್ರಿ.’

ಮರುದಿನ ಅವರು ಅಂಗಿ ಕಳಚಿ ತಾವೇ ಅಂಕಣಕ್ಕಿಳಿದರು. ನಾನು ಹೋದೆ. ಆ ಕರ್ಪೂರದೆಣ್ಣೆಯ ಕೈಗಳು ನನ್ನ ಸೊಂಟ ಹಿಡಿದು ನೆಲಕ್ಕೆ ಬಡಿದವು. ಹಲ್ಲಿಗೆ ಮಣ್ಣು ಸಿಕ್ಕಿತು. ಎದ್ದು, ಇದನ್ನು ಮೂರನೆಯ ಮನೆಯಲ್ಲಿ ಬರೆಯಲೇ ಎಂದು ಕೇಳಿದೆ. ‘ನಾ ಮಾಸ್ತರ, ನನ್ನ ಲೆಕ್ಕಕ್ಕ ಹಿಡೀಬ್ಯಾಡ. ಆಟಗಾರ ಹಿಡದಾಗ ಬರಿ.’

ಆಮೇಲೆ ನನಗೆ ಅದೊಂದೇ ಹಟ. ಗೆಲುವು, ಬಹುಮಾನ ಯಾವುದೂ ಅಲ್ಲ. ಆಟದಲ್ಲಿ ಯಾರಾದರೂ ನನ್ನನ್ನು ಹಿಡಿಯಬೇಕು. ಹಿಡಿಯದೆ ಇರಲಾಗದಷ್ಟು ಚೆನ್ನಾಗಿ ನಾನು ಆಡಬೇಕು.

ನವೆಂಬರಿನ ಒಂದು ಶನಿವಾರ ಕುರುಗೋಡಿನಲ್ಲಿ ಪಂದ್ಯ. ಸುತ್ತಲ ಹಳ್ಳಿಗಳ ಗಟ್ಟಿ ಹುಡುಗರು ಸೇರಿ ಕಟ್ಟಿಕೊಂಡಿದ್ದ ತಂಡ ನಮ್ಮ ಎದುರಾಳಿ. ನಾನು ಯಾರೆಂಬುದು ನಮ್ಮ ಬಸ್ಸಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮೊದಲ ಅರ್ಧದಲ್ಲಿ ನಾನು ಒಂಬತ್ತು ಸಲ ಹೋದೆ. ಒಂಬತ್ತು ಸಲವೂ ಅವರು ಕೋಳಿಗಳಂತೆ ಚೆದುರಿದರು. ಆರು ಮಂದಿ ಹೊರಗೆರೆ ದಾಟಿ ಔಟಾದರು. ನಾವು ಐದು ಪಾಯಿಂಟು ಮುಂದಿದ್ದೆವು. ನೆರೆದವರು ನಕ್ಕರು. ಯಾರನ್ನು ನೋಡಿ ನಕ್ಕರೋ...

ವಿರಾಮದಲ್ಲಿ ನಾನು ಮಾಸ್ತರರಿಗೆ ಹೇಳಿದೆ: ‘ಇಂಥಾ ಪಾಯಿಂಟು ನನಗ ಬ್ಯಾಡ್ರಿ ಸಾರ್. ನನ್ನ ಕೂಡಿಸಿಬಿಡ್ರಿ.’

‘ನಿಯಮದ ಪ್ರಕಾರ ಬರೋಬರ್ ಪಾಯಿಂಟು. ಬರ್ಕೋ. ಓಡೋರು ಅವ್ರು, ನೀ ಯಾಕ ಕೂಡಬೇಕು?’

ಎರಡನೆಯ ಅರ್ಧದಲ್ಲೂ ಅದೇ ನಡೆಯಿತು. ಆದರೆ ಉಳಿದ ನಮ್ಮ ಹುಡುಗರನ್ನೆಲ್ಲ ಅವರು ಸರಾಗವಾಗಿ ಹಿಡಿದುಹಾಕುತ್ತಿದ್ದರಿಂದ ಕೊನೆಗೆ ಎರಡೂ ಕಡೆ ಸಮವಾಯಿತು. ನಾನು ಮತ್ತೆ ಹೋದೆ. ಅವರ ನಾಯಕ, ಉದ್ದ ತೋಳಿನ ರೈತರ ಹುಡುಗ, ತನ್ನವರು ಹಿಂದೆ ಸರಿಯುವುದನ್ನು ನೋಡಿ ಕಿರುಚಿದ: ‘ಹಿಂಗ ಓಡಿದ್ರ ಸೋತಂಗ! ಹಿಡೀರಲೇ!’

ಗುಂಪಿನಿಂದ ಮುದುಕರೊಬ್ಬರು ಕೂಗಿದರು. ‘ಮುಟ್ಟಬ್ಯಾಡ್ರಲೇ, ತಮ್ಮಾ!’

‘ಹಂಗಾರ ನೀನ ಬಂದು ಆಡು ಬಾರೋ ಯಜ್ಜಾ!’ ಎಂದವನೇ ಹಾರಿ ನನ್ನ ಕಣಕಾಲು ಹಿಡಿದ.

ನಾನು ಮುಗ್ಗರಿಸಿ ಬಿದ್ದೆ. ನಡುಗೆರೆ ನನ್ನ ಬೆರಳಿಗೆ ಒಂದು ಗೇಣು ದೂರದಲ್ಲಿತ್ತು. ನನ್ನೊಳಗೆ ಇನ್ನೂ ಮೂವತ್ತು ಚೆಡುಗುಡುವಿನಷ್ಟು ಉಸಿರಿತ್ತು. ಆದರೆ ಕಣಕಾಲಿನ ಮೇಲೆ ಒಂದು ಕೈ ಇತ್ತು... ಬಿಗಿಯಾಗಿ, ಬೆವರಿ, ಉಗುರು ಊರಿ. ಹಿಡಿದರು ಎಂದುಕೊಂಡೆ. ಅಷ್ಟರಲ್ಲಿ ನನ್ನ ಬಾಯಿ ನಿಂತುಹೋಗಿತ್ತು. ಸೀಟಿ ಕೇಳಿಸಿತು. ಒಂದು ಪಾಯಿಂಟಿನಿಂದ ಸೋತೆವು.

ಬಳ್ಳಾರಿಗೆ ಮರಳುವ ಇದ್ದಿಲ ಗ್ಯಾಸಿನ ಬಸ್ಸಿಗೆ ಕಾಯುತ್ತ ನಾನು ಮೂರನೆಯ ಮನೆಯಲ್ಲಿ ಒಂದು ಗೆರೆ ಎಳೆದೆ. ಸುತ್ತ ದುಂಡಗೆ ಗೀಚಿದೆ ಕೂಡ. ಮಾಸ್ತರರು ನೋಡಿಬಿಟ್ಟರು. ನನ್ನ ಬೆನ್ನು ತಟ್ಟುತ್ತಾರೆಂದು ತಿಳಿದಿದ್ದೆ.

‘ಹಿಡದ್ರು ಅಂತ ಖುಷಿಯಾಗಿ ಉಸಿರು ಬಿಟ್ಟಿಯೇನ್ಲೇ?’

ನಾನು ಪುಸ್ತಕ ಮುಚ್ಚಿದೆ.

‘ಒಂದು ಗೇಣು ಇತ್ತು. ಬರೇ ಒಂದು ಗೇಣು! ಹಿಡಿಸ್ಕೊಳ್ಳೋದು ಆಟ ಅಲ್ಲಲೇ ಕರಣಂ, ಬಿಡಿಸ್ಕೊಳ್ಳೋದು ಆಟ. ನಿನ್ನ ಹಿಡದಾಂವ ನಿನಗೇನೂ ಉಪಕಾರ ಮಾಡಿಲ್ಲ. ಪಾಯಿಂಟು ತಗೊಂಡ, ಮನಿಗೆ ಹೋದ.’

ಬಸ್ಸಿನಲ್ಲಿ ನನಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು. ಬಳ್ಳಾರಿ ತಲುಪುವ ಹೊತ್ತಿಗೆ ಸಿಟ್ಟು ಅವರ ಮೇಲಿಂದ ನನ್ನ ಮೇಲೆ ತಿರುಗಿತ್ತು.

ಸೋಮವಾರ ಬೆಳಿಗ್ಗೆ ಮಾಸ್ತರರು ತಂಡವನ್ನು ಸಾಲಾಗಿ ನಿಲ್ಲಿಸಿದರು. ‘ಇವತ್ತಿಂದ ಇವನ್ನ ಎಲ್ಲಾರೂ ಹಿಡೀಬೇಕು. ಮನ್ಯಾಗ ಸ್ನಾನ ಮಾಡು ಅಂದ್ರ ಮಾಡ್ರಿ, ಹೆಂಗೂ ಮಣ್ಣಾಗಿರ್ತೀರಿ. ಆಗಾಂಗಿಲ್ಲ ಅನ್ನೋರು ನಾಳಿಯಿಂದ ಬರಬ್ಯಾಡ್ರಿ.’ ನಾಲ್ವರು ಹಿಡಿದರು, ಉಳಿದವರು ಹಿಂಜರಿದರು. ಒಬ್ಬನಂತೂ, ಅಕ್ಕಸಾಲಿಗರ ಮನೆಯವನು, ಎರಡು ದಿನ ಬರಲೇ ಇಲ್ಲ. ಮೂರನೆಯ ದಿನ ಬಂದು ಕಣ್ಣು ಮುಚ್ಚಿ ನನ್ನ ಮೊಣಕಾಲಿಗೆ ಬಿದ್ದ. ಒಂದು ವಾರ ಕಳೆಯುವುದರಲ್ಲಿ ಅವನೇ ಜಗಳ ತೆಗೆಯುತ್ತಿದ್ದ: ‘ಲೇ, ಕಾಲಿಗೆ ಎಣ್ಣಿ ಹಚ್ಕೊಂಡು ಬರ್ತೀಯೇನ್ಲೇ? ಜಾರಿ ಜಾರಿ ಹೋಗ್ತೀ, ಇದು ಮೋಸ!’

ತರಬೇತಿ ಹೀಗಿತ್ತು: ನಾನು ಬೋರಲು ಮಲಗಬೇಕು, ಇಬ್ಬರು ಕಾಲ ಮೇಲೆ, ಒಬ್ಬ ಬೆನ್ನ ಮೇಲೆ. ಚೆಡುಗುಡು ನಿಲ್ಲಿಸದೆ ಮೊಣಕೈ ಊರಿ ಗೆರೆಯವರೆಗೆ ತೆವಳಬೇಕು. ಡಿಸೆಂಬರ್ ಮೊದಲ ವಾರದ ಲೆಕ್ಕ: ಗೆರೆ ತಾಕಿದ್ದು ಎರಡು, ತಾಕದ್ದು ಮೂವತ್ತೊಂದು. ಮೊಣಕೈ ಸುಲಿದು ರಕ್ತ ಬರುತ್ತಿತ್ತು. ಮಾಸ್ತರರು ಎಣ್ಣೆ ಹಚ್ಚುತ್ತಿದ್ದರು, ಮತ್ತೆ ಮಲಗಿಸುತ್ತಿದ್ದರು. ಜನವರಿ ಕೊನೆಯ ವಾರ: ತಾಕಿದ್ದು ಹತ್ತೊಂಬತ್ತು, ತಾಕದ್ದು ಹದಿನಾಲ್ಕು. ಅವರು ಅದನ್ನು ನೋಡಿ ‘ಶಾಬಾಸ್’ ಎನ್ನಲಿಲ್ಲ. ‘ಹದಿನಾಕು ಭಾಳಾತು’ ಎಂದರು.

ಫೆಬ್ರವರಿಯಲ್ಲಿ ಅದೇ ತಂಡದೊಡನೆ ಸಿರುಗುಪ್ಪದಲ್ಲಿ ಮರುಪಂದ್ಯ. ಭತ್ತ ಕೊಯ್ದ ಗದ್ದೆಯನ್ನು ಹದ ಮಾಡಿ, ಸುಣ್ಣ ಚೆಲ್ಲಿ ಗೆರೆ ಎಳೆದಿದ್ದರು. ಈ ಸಲ ಅವರ ನಾಯಕ ಹಿಡಿಯಲು ಕಾದೇ ನಿಂತಿದ್ದ. ಅವನನ್ನು ನೋಡಿ ಉಳಿದವರೂ ಧೈರ್ಯ ಮಾಡಿದ್ದರು. ಎರಡು ಸಲ ನನ್ನನ್ನು ಕೆಡವಿದರು, ಎರಡು ಸಲವೂ ಔಟಾದೆ. ಆಟ ಮುಗಿಯಲು ಬಂದಾಗ ನಾವು ಎರಡು ಪಾಯಿಂಟು ಹಿಂದೆ. ಮಾಸ್ತರರು ಹೊರಗೆರೆಯ ಆಚೆಯಿಂದ ನನ್ನತ್ತ ಒಂದು ಗೇಣು ಅಗಲಿಸಿ ಕೈ ತೋರಿಸಿದರು. ಅಷ್ಟೇ.

ಹೋದೆ. ನಾಯಕ ಕಾಲಿಗೆ ಬಿದ್ದ, ಮತ್ತಿಬ್ಬರು ಬೆನ್ನಿಗೆ. ಬಾಯಿ ಮಣ್ಣಿನಲ್ಲಿತ್ತು. ಚೆಡುಗುಡು ಮಾತ್ರ ಬಿಡಲಿಲ್ಲ. ಮೊಣಕೈ ಊರಿದೆ, ಒಂದು ಸಲ, ಎರಡು ಸಲ... ಎಣಿಕೆ ತಪ್ಪಿತು. ಬೆರಳಿಗೆ ಏನೋ ತಣ್ಣಗೆ ತಾಕಿತು. ಸೀಟಿ ಕೇಳಿಸಿತು. ಅವರ ಮೂವರೂ ಔಟು.

‘ಸುಳ್ಳು! ಗೆರಿ ತಾಕಿಲ್ಲ!’ ನಾಯಕ ಎದ್ದು ರೆಫರಿಯ ಎದೆಗೆ ಎದೆ ಕೊಟ್ಟ. ‘ಬರ್ರಿ ನೋಡ್ರಿ, ಇವನ ಕೈ ನೋಡ್ರಿ!’ ಎಂದವನೇ ನನ್ನ ಮಣಿಕಟ್ಟು ಹಿಡಿದೆಳೆದು, ಮುಷ್ಟಿ ಬಿಡಿಸಿ, ಅಂಗೈಯನ್ನು ಎಲ್ಲರಿಗೂ ತಿರುಗಿಸಿ ತೋರಿಸಿದ. ನಾಲ್ಕು ಬೆರಳ ತುದಿಗೂ ಸುಣ್ಣ. ಅವನು ಅದನ್ನು ನೋಡಿದ. ತನ್ನ ಹೆಬ್ಬೆರಳಿನಿಂದ ತಿಕ್ಕಿಯೂ ನೋಡಿದ. ‘ಥೂ, ಐತಲೇ!’ ಎಂದು ನನ್ನ ಕೈಯನ್ನು ಕೊಡವಿ ಸಿಟ್ಟಿನಿಂದ ಹೊರನಡೆದ. ಸೋತವನ ಸಿಟ್ಟು ಅದು, ಅದರಲ್ಲಿ ಬೇರೇನೂ ಇರಲಿಲ್ಲ. ಒಂದು ಪಾಯಿಂಟಿನಿಂದ ಗೆದ್ದೆವು.

ಆಟ ಮುಗಿದ ಮೇಲೆ ಎಲ್ಲರಿಗೂ ಲೋಟದಲ್ಲಿ ನೀರು ಕೊಟ್ಟರು. ನನಗೆ ಬೊಗಸೆಗೆ ಮೇಲಿನಿಂದ ಸುರಿದರು. ಮಾಸ್ತರರು ತಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ನನ್ನ ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತು ತಾವೂ ಬೊಗಸೆ ಒಡ್ಡಿದರು. ಕುಡಿದು, ಬಾಯಿ ಒರೆಸಿಕೊಂಡು, ‘ಇದನ್ನೂ ಬಿಡಿಸ್ಕೋಬೇಕು. ಇದಕ್ಕ ಉಸಿರು ಇನ್ನಾ ಉದ್ದ ಬೇಕು’ ಎಂದರು.

೧೯೫೧ರ ಬೇಸಿಗೆಯಲ್ಲಿ ನಾನು ಮದ್ರಾಸಿನಲ್ಲಿ ವ್ಯಾಯಾಮ ಶಿಕ್ಷಕರ ತರಬೇತಿಯಲ್ಲಿದ್ದೆ. ಅಕ್ಕಸಾಲಿಗರ ಗೆಳೆಯನಿಂದ ಒಂದು ಕಾರ್ಡು ಬಂತು. ಮಾಸ್ತರರಿಗೆ ಮೂರು ದಿನ ಜ್ವರ, ಗುರುವಾರ ಹೋದರು, ಹೆಗಲು ಕೊಟ್ಟವರಲ್ಲಿ ತಾನೂ ಒಬ್ಬ ಎಂದು ಬರೆದಿದ್ದ. ಕಾರ್ಡು ನನ್ನ ಕೈಸೇರುವ ಹೊತ್ತಿಗೆ ಅವರು ಮಣ್ಣಾಗಿ ನಾಲ್ಕು ದಿನ ಕಳೆದಿತ್ತು.

ದಿನಚರಿಯಲ್ಲಿ ಈಗ ನೋಡಿದರೆ, ಆ ಮೂರನೆಯ ಮನೆ ೧೯೪೮ರ ಮಾರ್ಚಿನ ನಂತರ ಇಲ್ಲ. ನಾನೇ ಗೀಚುವುದನ್ನು ಬಿಟ್ಟಿದ್ದೇನೆ. ಯಾವ ದಿನ ಬಿಟ್ಟೆನೆಂದು ಬರೆದಿಲ್ಲ, ಯಾಕೆಂದೂ ಬರೆದಿಲ್ಲ. ಎಷ್ಟು ಮಂದಿ ಹಿಡಿದರೆಂದು ಎಣಿಸುವುದು ನನಗೆ ಮರೆತೇಹೋಯಿತು. ಈ ಒಂದು ವಿಷಯ ಮಾಸ್ತರರಿಗೆ ಹೇಳಬೇಕಿತ್ತು. ನೀರಿನ ವಿಷಯವನ್ನೂ ಹೇಳಬೇಕಿತ್ತು: ಇಲ್ಲಿ ನಾನೇ ಕೊಡ ತರಿಸಿ ಎಲ್ಲರಿಗೂ ಒಂದೇ ಲೋಟ ಇಟ್ಟಿದ್ದೇನೆ, ಹದಿನೆಂಟು ಹುಡುಗರಲ್ಲಿ ಹನ್ನೆರಡು ಮಂದಿ ಕುಡಿಯುತ್ತಾರೆ, ಆರು ಮಂದಿ ಬಾಯಾರಿಕೊಂಡೇ ಮನೆಗೆ ಹೋಗುತ್ತಾರೆ. ‘ಆರು ಭಾಳಾತು’ ಎನ್ನಲು ಅವರಿಲ್ಲ. ನಾನೇ ಅಂದುಕೊಂಡು, ನಾಳೆ ಬೆಳಿಗ್ಗೆ ಮತ್ತೆ ಕೊಡ ತುಂಬಿಸುತ್ತೇನೆ.